ಸತ್ತ ರಾಜಕುಮಾರನ ಕಾಲಿನ ಮೇಲಿನ ನೊಣ

ರೂಬಿ ತನ್ನ ಏಳನೇ ವಯಸ್ಸಿನಲ್ಲೇ ಗುಬ್ಬಿಯಲ್ಲಿ ಒಮ್ಮೆ ಸತ್ತಿದ್ದಳು. ಸತ್ತದ್ದು ಮನೆಯ ಪಡಸಾಲೆಯಲ್ಲಿ, ಚಾಪೆಯ ಮೇಲೆ, ಎದುರಿಗೆ ಪೆನ್ಸಿಲ್ ಹಿಡಿದು ಕೂತ ಅಪ್ಪನ ಅಪ್ಪಣೆಯಂತೆ. ಬಲಗೈ ಚಾಪೆಯಿಂದಾಚೆ ಜೋತುಬಿದ್ದಿರಬೇಕು. ಬಾಯಿ ಒಂಚೂರು ತೆರೆದಿರಬೇಕು. ಕಣ್ಣು ಮುಚ್ಚಿರಬೇಕು, ಆದರೆ ಬಿಗಿಯಾಗಿ ಅಲ್ಲ. ಅಲ್ಲಾಡದೆ ಮಲಗಿದರೆ ಬೇಕರಿಯಿಂದ ಬೆಣ್ಣೆ ಬನ್ನು ಬರುತ್ತದೆ ಎಂದು ಮಾತಾಗಿತ್ತು.

"ರೆಪ್ಪೆ ಅಲ್ಲಾಡ್ತಿದೆ ನೋಡು. ಸತ್ತೋರು ಹಂಗೆ ಮಾಡಲ್ಲ," ಎಂದ ಅಪ್ಪ ದಸ್ತಗೀರ್ ಸಾಬ್.

"ಸತ್ತೋರಿಗೆ ಬೆನ್ನು ಕೆರೆಯುತ್ತಾ ಅಬ್ಬಾ?"

"ಸತ್ತೋರು ಮಾತಾಡೋದೂ ಇಲ್ಲ."

ಆಗಲೇ ಒಂದು ನೊಣ ಬಂದು ಅವಳ ಪಾದದ ಮೇಲೆ ಕೂತಿತು. ಬೆರಳಿನಿಂದ ಬೆರಳಿಗೆ ಓಡಾಡಿತು, ಮುಂಗಾಲು ಉಜ್ಜಿಕೊಂಡಿತು. ರೂಬಿ ಹಲ್ಲು ಕಚ್ಚಿ ಬನ್ನನ್ನೇ ಧ್ಯಾನಿಸಿದಳು. ಅಪ್ಪ ನೊಣ ನೋಡಿದ, ಮಗಳನ್ನು ನೋಡಿದ, ನೊಣವನ್ನೂ ಬರೆದುಕೊಂಡ.

ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ತಾಯಿ ಮಸ್ತಾನ್ ಬೀಗೆ ಈ ದೃಶ್ಯ ಕಂಡು ಮೈಯೆಲ್ಲ ಉರಿದುಹೋಯಿತು. "ಹೆತ್ತ ಮಗೂನ ಹೆಣದ ಥರ ಮಲಗಿಸಿ ಬರೀತೀರಲ್ಲ, ನಿಮಗೇನು ಬುದ್ಧಿಗಿದ್ಧಿ ಇದ್ಯಾ?"

"ನಾಟಕದಲ್ಲಿ ಸಾಯೋನು ಹುಡುಗ. ಇಲ್ಲಿ ಮಲಗಿರೋಳು ಹುಡುಗಿ. ಅಲ್ಲಾಹುಗೆ ಕಣ್ಣು ಚೆನ್ನಾಗೇ ಕಾಣುತ್ತೆ, ತಪ್ಪು ಮನೆಗೆ ಬರಲ್ಲ ಬಿಡು."

ಮಸ್ತಾನ್ ಬೀ ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿ, ಒಣಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿ, ಮನೆಮಂದಿಯೆಲ್ಲ ಕೆಮ್ಮುವಂತೆ ಮಾಡಿದಳು. ಬನ್ನು ಮಾತ್ರ ಬಂತು.

ಹಾಗೆ ಹುಟ್ಟಿದ್ದು ಗುಬ್ಬಿಯ ನಾಟಕ ಮಂದಿರದ ಆರನೇ ಬೋರ್ಡು. 'ಕೋಟೆ ಕೊಂದ ಕುಡಿ' ಎಂಬ ಹಳೆಯ ಕಂಪನಿ ನಾಟಕದ ಆರು ದೃಶ್ಯಗಳನ್ನು ದಸ್ತಗೀರ್ ಸಾಬ್ ಆರು ದೊಡ್ಡ ತಗಡಿನ ಹಲಗೆಗಳ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದಿದ್ದ. ಕಥೆ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಬಾಯಿಪಾಠ. ಬೆಟ್ಟದ ಕೋಟೆಯ ಒಬ್ಬ ಪಾಳೇಗಾರ. ಅವನಿಗೆ ಒಬ್ಬನೇ ಮಗ. ಮಗ ಶತ್ರುಗಳಿಗೆ ಕೋಟೆ ಬಾಗಿಲು ತೆರೆದ ಎಂದು ಮಂತ್ರಿ ಚಾಡಿ ಹೇಳುತ್ತಾನೆ. ಪಾಳೇಗಾರ ಹಿಂದುಮುಂದು ನೋಡದೆ ತನ್ನ ಕೈಯಾರೆ ಮಗನನ್ನು ಕಡಿಯುತ್ತಾನೆ. ಬಾಗಿಲು ತೆರೆದವನು ಮಂತ್ರಿ ಎಂದು ಆಮೇಲೆ ತಿಳಿಯುತ್ತದೆ. ರಾಣಿ ವಿಷದ ಬಟ್ಟಲು ಎತ್ತಿಕೊಳ್ಳುತ್ತಾಳೆ. ದೊರೆ ಮಗನ ಹೆಣವನ್ನು ಎದೆಗವಚಿಕೊಂಡು ಕೋಟೆಗೋಡೆಯ ಅಂಚಿಗೆ ನಡೆಯುತ್ತಾನೆ. ಮೊದಲನೇ ಬೋರ್ಡಿನಲ್ಲಿ ಪಟ್ಟಾಭಿಷೇಕ, ಆರನೆಯದರಲ್ಲಿ ಆ ಕೊನೆಯ ನಡಿಗೆ. ಹಿಂದಿನ ಬಂಡೆಗಳನ್ನು ನೋಡಿ ಬರೆಯಲೆಂದೇ ಅವನು ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹುತ್ರಿದುರ್ಗ ಹತ್ತಿ, ಬಿಸಿಲಲ್ಲಿ ಮೂಗಿನ ಸಿಪ್ಪೆ ಸುಲಿಸಿಕೊಂಡು ಬಂದಿದ್ದ.

ಆರನೇ ಬೋರ್ಡಿನಲ್ಲಿ ಒಂದು ಹನಿ ರಕ್ತವೂ ಇರಲಿಲ್ಲ. ಅದು ಅವನ ಜಂಬ. "ಕೆಂಪು ಸುರಿದು ಸಾವು ತೋರ್ಸೋಕೆ ಕಸಾಯಿ ಅಂಗಡಿ ಬೋರ್ಡ್ ಬರೆಯೋನಿಗೂ ಬರುತ್ತೆ," ಎನ್ನುತ್ತಿದ್ದ. ದೊರೆಯ ಕೆಂಪು ಶಾಲಿನೊಳಗೆ ಹುಡುಗ ಸುಮ್ಮನೆ ಮಲಗಿದಂತಿದ್ದ. ಸಾವು ಇದ್ದದ್ದು ಜೋತುಬಿದ್ದ ಬಲಗೈಯಲ್ಲಿ, ಮತ್ತು ಪಾದದ ಮೇಲೆ ನೆಮ್ಮದಿಯಾಗಿ ಕೂತ ಆ ನೊಣದಲ್ಲಿ.

ದಸ್ತಗೀರ್ ಸಾಬ್‌ಗೆ ಲೋಕದಲ್ಲಿ ಹಿಡಿಸಿದ್ದು ಬಹಳ ಕಡಿಮೆ. ಕೈಗಡಿಯಾರ ಬಿಚ್ಚದೆ ಸಿಂಹಾಸನ ಏರುವ ದೊರೆಗಳು, ಸತ್ತ ಮೇಲೂ ಒನ್ಸ್‌ಮೋರ್ ಎಂದರೆ ಎದ್ದು ಕೂತು ಹಾಡುವ ರಾಣಿಯರು, ಅರಮನೆಯ ಪರದೆಗೆ ವೀಳ್ಯದೆಲೆ ಉಗಿಯುವ ನಾಟಕ ಸಂಘದವರು, ಇವರೆಲ್ಲರ ಮೇಲೆ ಅವನಿಗೆ ಇದ್ದ ತಾತ್ಸಾರವನ್ನು ಮಗಳು ಬಣ್ಣದ ಜೊತೆಗೇ ಕಲಿತಳು. ಬಣ್ಣ ಅರೆಯುವುದು ಎಷ್ಟು ಚೆನ್ನಾಗಿ ಬಂತೋ ಮೂತಿ ತಿರುಗಿಸುವುದೂ ಅಷ್ಟೇ ಚೆನ್ನಾಗಿ ಬಂತು. ಅವನು ತೀರಿಕೊಂಡ ಮೇಲೆ ಅವನು ಬರೆದ ನಾಟಕದ ಪರದೆಗಳು ಹರಿದುಹೋದವು, ಫ್ಲೆಕ್ಸ್ ಬಂತು, ಬರೆಯುವವರಿಗೆ ಕೆಲಸ ತಪ್ಪಿತು. ಉಳಿದದ್ದು ಆ ಆರು ಬೋರ್ಡು.

ಈಗ ರೂಬಿ ತುಮಕೂರಿನಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಗಂಡ ಅಫ್ರೋಜ್ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಮಗಳು ಫಿಜಾಗೆ ನಾಲ್ಕು ವರ್ಷ. ರೂಬಿ ಶಾಲೆ, ಅಂಗನವಾಡಿಗಳ ಗೋಡೆಗೆ ಆನೆ, ಬದನೆಕಾಯಿ, ಕೈ ತೊಳೆಯುವ ಮಕ್ಕಳು, ನಗುವ ಸೂರ್ಯ ಬರೆಯುತ್ತಾಳೆ. ಸೂರ್ಯ ಯಾಕೆ ನಗಬೇಕು ಎಂದು ಯಾವ ಹೆಡ್‌ಮಾಸ್ಟರನ್ನೂ ಅವಳು ಕೇಳುವುದಿಲ್ಲ. ಗುಬ್ಬಿಗೆ ತಾಯಿಯನ್ನು ನೋಡಲು ಹೋದಾಗಲೆಲ್ಲ ಒಂದು ಮೆತ್ತನೆಯ ಹಳೇ ಬಟ್ಟೆ ಚೀಲದಲ್ಲಿರುತ್ತದೆ. ನಾಟಕ ಮಂದಿರದ ಬಾಗಿಲು ತೆಗೆಸಿ ಬೋರ್ಡುಗಳ ಧೂಳು ಒರೆಸಿ ಬರುತ್ತಾಳೆ. ಅಪ್ಪ ಗೋಡೆಯ ಮೇಲಿದ್ದಾನೆ, ಅಷ್ಟು ಸಾಕು ಎಂಬುದು ಅವಳ ಲೆಕ್ಕ. ಅವು ಗೋಡೆಯ ಮೇಲಿರಬೇಕು ಎಂಬುದಕ್ಕಿಂತ ದೊಡ್ಡ ಆಸೆ ಅವಳಿಗೆ ಬೇರೆ ಇರಲಿಲ್ಲ.

ಈ ವರ್ಷದ ಮೊದಲಲ್ಲಿ, ಮಂದಿರ ನಡೆಸುವ ಸಂಘದ ಕಾರ್ಯದರ್ಶಿ ಚನ್ನವೀರಯ್ಯನವರ ಫೋನು ಬಂತು. ಆತ ನಿವೃತ್ತ ಗುಮಾಸ್ತರು. ಫೋನಿನಲ್ಲೂ ಮೈಕಿನಲ್ಲಿ ಮಾತಾಡುವಂತೆಯೇ ಮಾತಾಡುವವರು. ಮಂದಿರ ರಿಪೇರಿಯಾಗುತ್ತಿದೆ, ದಾನಿಗಳು ಮುಂದೆ ಬಂದಿದ್ದಾರೆ, ಬೋರ್ಡುಗಳ ವಿಷಯದಲ್ಲಿ ಒಂದು ಸಣ್ಣ ಕೆಲಸ ಇದೆ, ತಕ್ಷಣ ಬರಬೇಕು ಎಂದರು. ರೂಬಿ ಫಿಜಾಳನ್ನು ಕಂಕುಳಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ದಾನಿಗಳೆಂದರೆ ಆ ಕಡೆ ಬೇರೆಯದೇ ಜಾತಿ. ಒಂದು ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೈಮೇಲೆ ಅಪ್ಪನ ಹೆಸರು, ಮಗನ ಹೆಸರು, ಊರಿನ ಹೆಸರು ಬರೆಸಿ, ಬೆಳಕು ಬರುವ ಜಾಗವನ್ನೇ ಮುಚ್ಚಿಬಿಡುತ್ತಾರೆ. ಫ್ಯಾನು ಕೊಟ್ಟರೆ ರೆಕ್ಕೆರೆಕ್ಕೆಗೂ ಹೆಸರು; ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಸ್ವಿಚ್ ಆಫ್ ಮಾಡಿಸುವವರೂ ಇದ್ದಾರೆ. ನಾಟಕ ನಡೆದರೆ ಇವರಿಗೆ ಮಧ್ಯದಲ್ಲಿ ಸನ್ಮಾನ. ದೊರೆ ಮಗನ ಮೇಲೆ ಕತ್ತಿ ಎತ್ತುವ ಹೊತ್ತಿಗೆ ಸರಿಯಾಗಿ ಪರದೆ ಬಿಟ್ಟು, ಸ್ಟೇಜಿನ ಮೇಲೆ ಕುರ್ಚಿ ಹಾಕಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಡುತ್ತಾರೆ. ಎತ್ತಿದ ಕತ್ತಿ ಪರದೆಯ ಹಿಂದೆ ಬೀಡಿ ಸೇದುತ್ತಾ ಕಾಯುತ್ತದೆ. ದಾನಿಗಳು ಹಣ್ಣಿನ ಬುಟ್ಟಿ ಸಮೇತ ಕಾರು ಹತ್ತಿದ ಮೇಲೆ ಮಗ ಸಾಯುತ್ತಾನೆ. ಹಾಗಾಗಿ ಊರಿನ ಕೂಲಿಯವರೆಲ್ಲ ಕಣ್ಣೊರೆಸಿಕೊಂಡ ಆ ಕೊನೆಯ ದೃಶ್ಯವನ್ನು ಒಬ್ಬ ದಾನಿಯೂ ಇದುವರೆಗೆ ನೋಡಿರಲಿಲ್ಲ.

ಮಂದಿರದಲ್ಲಿ ದಾನಿಗಳು ಬೋರ್ಡುಗಳ ಕೆಳಗೆ ತಲೆಯೆತ್ತಿ ನಿಂತಿದ್ದರು. ಬಟ್ಟೆ ಅಂಗಡಿಯಲ್ಲಿ ಪಂಚೆ ಆರಿಸುವವರ ಹಾಗಿತ್ತು.

"ನೋಡಮ್ಮ," ಎಂದರು ಚನ್ನವೀರಯ್ಯ, "ಈ ಬೋರ್ಡುಗಳಲ್ಲಿ ಇರೋ ಮುಖಗಳು ಯಾರವೋ ಏನೋ. ಅದರ ಬದಲು ಮಾನ್ಯ ದಾನಿಗಳ ಮುಖಗಳು ಬಂದರೆ ಶಾಶ್ವತವಾಗಿ ಉಳಿಯುತ್ತೆ. ಬೋರ್ಡಿಗೊಬ್ಬರು. ನಿಮ್ಮ ತಂದೆಯೋರ ಕೆಲಸ, ನೀನೇ ಮಾಡಿದ್ರೆ ಚೆಂದ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆರೂ ಕೆಳಗಿಳಿಸಿ ಫ್ಲೆಕ್ಸ್ ಹಾಕ್ತೀವಿ. ಅದರಲ್ಲೇನು, ಒಂದು ದಿನದ ಕೆಲಸ."

ರೂಬಿ ತಲೆಯಾಡಿಸಿ, ಚೀಲದಿಂದ ಬಟ್ಟೆ ತೆಗೆದು ಮೊದಲನೇ ಬೋರ್ಡಿನ ಧೂಳು ಒರೆಸಿದಳು.

ಮುಂದಿನ ಜಗಳ ನೋಡಲು ಚೆನ್ನಾಗಿತ್ತು. ಎಲ್ಲರಿಗೂ ದೊರೆಯೇ ಆಗಬೇಕು. ಕೋಳಿ ಫಾರಂ ಗೋವಿಂದರಾಜು ಮೂರನೇ ಬೋರ್ಡಿನ ಮುಂದೆ ಕಾಲು ಅಗಲಿಸಿ ನಿಂತ. "ನನ್ನೂ ರಾಜನ್ನೇ ಮಾಡಮ್ಮ."

"ಒಂದೇ ಕಥೆ ಸಾರ್. ಒಬ್ಬನೇ ರಾಜ."

"ಬೋರ್ಡು ಆರಿಲ್ವಾ? ಬೋರ್ಡಿಗೊಬ್ಬ ರಾಜ. ಏನೀಗ? ಮತ್ತೆ ಈ ಕಿವಿಯಲ್ಲಿ ಪಿಸುಗುಡ್ತಾ ನಿಂತವನಲ್ಲ, ಇವ್ನಿಗೆ ನಮ್ಮ ಎದುರು ಅಂಗಡಿಯವನ ಮೂತಿ ಹಾಕು. ಒಂದು ಬಲ್ಬೂ ಕೊಡ್ಲಿಲ್ಲ ಬಡ್ಡೀಮಗ."

ಆರನೆಯದು ಎಲ್ಲಕ್ಕಿಂತ ದೊಡ್ಡದು, ಸ್ಟೇಜಿನ ಪಕ್ಕದ್ದು. ಲೈಟು ಬೀಳುವ ಜಾಗ. ಅದನ್ನು ಗುರುಪ್ರಕಾಶ್ ಹಿಡಿದುಕೊಂಡಿದ್ದ. ಕುಣಿಗಲ್ ರಸ್ತೆಯಲ್ಲಿ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾಡಿ, ಅವಕ್ಕೆ ಬಾಯಿ ತಿರುಗದ ಹೆಸರಿಟ್ಟು ಮಾರುವವನು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ಸುಣ್ಣ ಹೊಡೆದ ಕಾಂಪೌಂಡಿನಂತೆ ಇದ್ದ.

"ಇದು ಸೂಪರ್ ಆಗಿದೆ ಮೇಡಂ," ಎಂದ. "ಅಪ್ಪ, ಮಗೂನ ಎತ್ಕೊಂಡಿದಾನೆ. ಸೆಂಟಿಮೆಂಟು. ಅಪ್ಪನ ಜಾಗದಲ್ಲಿ ನನ್ನ ಹಾಕಿ. ಮಗ ನಮ್ಮ ಲೋಹಿತ್. ಆ ಹಿಂದೆ ಹಾಲಿನ ಬಟ್ಟಲು ಹಿಡ್ಕೊಂಡು ನಿಂತವ್ಳಲ್ಲ, ಅದು ನಮ್ಮ ಮಿಸೆಸ್, ಭೂಮಿಕಾ."

ಆ ಬಟ್ಟಲಿನಲ್ಲಿ ಇದ್ದದ್ದು ವಿಷ. ರೂಬಿ ಚನ್ನವೀರಯ್ಯನವರ ಮುಖ ನೋಡಿದಳು. ಅವರು ಪ್ರಾಯದಲ್ಲಿ ಇದೇ ನಾಟಕದಲ್ಲಿ ಭರ್ಜಿ ಹಿಡಿದು ನಿಂತವರು. ಕೊನೆಯ ದೃಶ್ಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕಣ್ಣಿನಲ್ಲೇ ಸುಮ್ಮನಿರು ಎಂದರು.

"ಸಾರ್, ನೀವು ಈ ನಾಟಕ ನೋಡಿದ್ದೀರಾ?"

"ನೋಡ್ದೆ ಏನ್ ಮೇಡಂ! ಹೋದ್ವರ್ಷ ಉದ್ಘಾಟನೆ ಮಾಡಿದ್ದು ಯಾರು?" ಅವನು ಬೋರ್ಡಿನ ಹತ್ತಿರ ಬಗ್ಗಿದ. "ಇದೇನು, ಕಾಲ ಮೇಲೆ ನೊಣ ಕೂರಿಸಿದ್ದಾರೆ? ಇದನ್ನ ಮೊದಲು ತೆಗೀರಿ. ಕ್ಲೀನಾಗಿ ಕಾಣಬೇಕು."

ರೂಬಿ ತಿರುಗಿ ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಹಲ್ಲು ಕಡಿದಳು. ಊರು ತಲುಪುವ ಹೊತ್ತಿಗೆ ಸಿಟ್ಟು ತಣ್ಣಗಾಗಿ ಉಪಾಯ ಹುಟ್ಟಿತು. ಅಪ್ಪನ ಪರದೆಗಳೆಲ್ಲ ಅಂಟು ಬೆರೆಸಿದ ಪುಡಿ ಬಣ್ಣದವು. ನಾಲ್ಕು ಹನಿ ಮಳೆ ಬಿದ್ದರೆ ಅರಮನೆ ಕರಗಿ ಸ್ಟೇಜಿಗಿಳಿಯುತ್ತಿತ್ತು. ಬೋರ್ಡುಗಳದು ಎಣ್ಣೆ ಬಣ್ಣ. ಮೊದಲು ಸೋಪಿನ ನೀರು ಸವರಿಕೊಂಡು, ಎಣ್ಣೆ ಬಣ್ಣದ ಮೇಲೆ ಅಂಟಿನ ಬಣ್ಣದಲ್ಲಿ ದಾನಿಗಳನ್ನು ಬರೆದರೆ ನಿಲ್ಲುತ್ತದೆ. ಇವರ ಆಟ ಮುಗಿದ ಮೇಲೆ, ಇನ್ನೊಬ್ಬ ಕಾರ್ಯದರ್ಶಿ ಬಂದ ಮೇಲೆ, ಒಂದು ಒದ್ದೆ ಬಟ್ಟೆ ಸಾಕು. ಕೆಳಗೆ ಅಪ್ಪನ ದೊರೆ ಹಾಗೇ ಇರುತ್ತಾನೆ.

ಅಫ್ರೋಜ್ ಊಟದ ತಟ್ಟೆಯ ಮುಂದೆ ಕೇಳಿ ನಕ್ಕ. "ಶಾಶ್ವತವಾಗಿ ಉಳಿಯೋ ಮುಖಾನ ಒದ್ದೆ ಬಟ್ಟೇಲಿ ಒರೆಸ್ತೀಯಾ? ನಿಮ್ಮಪ್ಪನ ಮಗಳೇ ಬಿಡು."

"ಮುಖ ಬರೆಯೋದು ದೊಡ್ಡದಲ್ಲ. ಆ ಹುಡುಗನ್ನ ಹೆಂಗೆ ಬರೀಲಿ?"

"ಅವ್ರಪ್ಪನೇ ಕೇಳ್ತಿದ್ದಾನೆ. ನಿಂಗೇನು? ಬರೆದು ಬಿಸಾಕು."

ಐದು ಬೋರ್ಡುಗಳ ಐದು ದೊರೆಗಳು ಸರಾಗವಾಗಿ ಬಂದರು. ಗೋವಿಂದರಾಜುವಿನ ಮುಖಕ್ಕೆ ಕಿರೀಟ ಕೂರಿಸುವುದು ಕಷ್ಟವೇನಾಗಲಿಲ್ಲ. ಕಿರೀಟದ ಕೆಳಗೆ ಯಾವ ಮುಖವನ್ನಿಟ್ಟರೂ ಕಿರೀಟವೇ ಕಾಣುತ್ತದೆ. ಎಲ್ಲರೂ ಗದ್ದ ಒಂದಿಷ್ಟು ಕಡಿಮೆ ಮಾಡಿಸಿಕೊಂಡರು, ಕೂದಲು ಒಂದಿಷ್ಟು ಜಾಸ್ತಿ ಮಾಡಿಸಿಕೊಂಡರು. ಆರನೇ ಬೋರ್ಡಿನಲ್ಲಿ ಗುರುಪ್ರಕಾಶನ ಮುಖವೂ ಮುಗಿಯಿತು. ಅವನಿಗೆ ಅಪ್ಪ ಬರೆದಿದ್ದ ದುಃಖ ಬೇಡವಾಗಿತ್ತು. "ಸ್ವಲ್ಪ ಸ್ಮೈಲ್ ಇರಲಿ," ಎಂದ. ಮಗನನ್ನು ಕೊಂದು ಕೋಟೆಯ ಅಂಚಿಗೆ ನಡೆಯುವ ದೊರೆ ಸೈಟಿನ ಜಾಹೀರಾತಿನಲ್ಲಿ ನಗುವಂತೆ ನಕ್ಕ.

ಹುಡುಗನ ಫೋಟೋ ವಾಟ್ಸಾಪಿನಲ್ಲಿ ಬಂದಿತ್ತು. ಲೋಹಿತ್‌ಗೆ ಐದು ವರ್ಷ. ಮುಂದಿನ ಹಲ್ಲು ಬಿದ್ದಿತ್ತು, ಐಸ್‌ಕ್ರೀಮು ಗಲ್ಲಕ್ಕೆಲ್ಲ ಮೆತ್ತಿಕೊಂಡಿತ್ತು, ಕಣ್ಣು ಇಷ್ಟಗಲ. ರೂಬಿ ಮೊದಲು ಕಾಗದದ ಮೇಲೆ ಬರೆದು ನೋಡಿದಳು. ಗಲ್ಲ ಬಂತು, ಮೂಗು ಬಂತು. ಕಣ್ಣಿಗೆ ಬಂದಾಗ ಅದನ್ನು ಮುಚ್ಚಬೇಕಿತ್ತು. ಫೋಟೋದ ಹುಡುಗ ಅವಳನ್ನೇ ನೋಡುತ್ತಿದ್ದ. ಬದುಕಿರುವ ಮಗುವಿನ ಕಣ್ಣನ್ನು, ಅದರ ತಾಯಿಗೆ ತಿಳಿಯದಂತೆ, ತನ್ನ ಕೈಯಾರೆ ಮುಚ್ಚುವುದು. ಅವಳ ಕೈ ಪೆನ್ಸಿಲ್ಲನ್ನು ಕಾಗದಕ್ಕೆ ಮುಟ್ಟಿಸದೆ ಹಾಗೇ ನಿಂತಿತು. ಅಪ್ಪ ತನ್ನ ಕಣ್ಣು ಮುಚ್ಚಿಸಿದಾಗ ಅವನಿಗಾದರೂ ಗೊತ್ತಿತ್ತು ಏನು ಬರೆಯುತ್ತಿದ್ದೇನೆಂದು. ಒಲೆಯಲ್ಲಿ ಮೆಣಸಿನಕಾಯಿ ಸುಡಲು ಅಮ್ಮ ಇದ್ದಳು. ಈ ಹುಡುಗನಿಗೆ ಯಾರಿದ್ದಾರೆ? ಅವನಪ್ಪ ಸ್ಮೈಲ್ ಕೇಳುತ್ತಿದ್ದಾನೆ.

ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿದಳು. ಇವತ್ತು ನಾಳೆ ಎಂದು ಬಟ್ಟೆಯ ಮಡಿಕೆಗಳಿಗೆ, ಬಂಡೆಗಳಿಗೆ ಸುಮ್ಮನೆ ಬ್ರಷ್ಷು ಆಡಿಸುತ್ತಾ ದಿನ ತಳ್ಳಿದಳು.

ಉದ್ಘಾಟನೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಗುರುಪ್ರಕಾಶ್ ಹೆಂಡತಿ ಮಗನನ್ನು ಕರೆದುಕೊಂಡೇ ಬಂದ. ಚನ್ನವೀರಯ್ಯ ಹಿಂದೆ ಹಿಂದೆ ಛತ್ರಿಯಂತೆ ಬಾಗಿ ಬಂದರು. ಭೂಮಿಕಾ ಸಣ್ಣ ಪ್ರಾಯದವಳು; ಮಾತು ಕಡಿಮೆ. ಮಗ ಒಳಗೆ ಬಂದವನೇ ಶೂ ಕಿತ್ತೆಸೆದು, ಬಣ್ಣದ ಡಬ್ಬಗಳ ನಡುವೆ ಕೂತಿದ್ದ ಫಿಜಾಳ ಪಕ್ಕ ಕೂತ. ಕೈಯಲ್ಲಿ ಜಿಲೇಬಿ ಇತ್ತು. ಪಾಕ ಮೊಣಕೈಯಿಂದ ಇಳಿದು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಗುರುಪ್ರಕಾಶ್ ತನ್ನ ಮುಖವನ್ನು ತಾನೇ ನೋಡಿ ತೃಪ್ತಿಪಟ್ಟ. "ನೋಡೇ, ಹೆಂಗಿದೀನಿ? ಇನ್ನು ಲೋಹಿತು, ನೀನು ಬಂದ್ರೆ ಫ್ಯಾಮಿಲಿ ಫೋಟೋ ಥರಾನೇ." ಆಮೇಲೆ ರೂಬಿಯ ಕಡೆ ತಿರುಗಿದ. "ಏನ್ ಮೇಡಂ, ಮಗೂದು ಶುರುನೇ ಮಾಡಿಲ್ಲ? ಆ ನೊಣ ಇನ್ನೂ ಹಂಗೇ ಇದೆ! ಮೊದಲು ನೊಣ ತೆಗೀರಿ ಅಂದೆ."

"ಇವತ್ತೇ ಮುಗಿಸ್ತಾಳೆ ಸಾರ್," ಎಂದರು ಚನ್ನವೀರಯ್ಯ.

ಅದೇ ಹೊತ್ತಿಗೆ ಜಿಲೇಬಿಯ ಪಾಕಕ್ಕೆ ಒಂದು ನೊಣ ಬಂದು ಲೋಹಿತನ ಪಾದದ ಮೇಲೆ ಕೂತಿತು. ಅವನು ಕತ್ತೆಯಂತೆ ಕಾಲು ಝಾಡಿಸಿದ. ನೊಣ ಹಾರಿ ಮತ್ತೆ ಬಂತು. ಅವನು ಮತ್ತೆ ಒದ್ದು, "ಥೂ, ಹೋಗೇ!" ಎಂದ. ಫಿಜಾ ಕಿಲಕಿಲ ನಕ್ಕಳು.

ರೂಬಿ ಬ್ರಷ್ಷನ್ನು ಡಬ್ಬದೊಳಗಿಟ್ಟಳು. ಅವಳು ಮಾತಾಡಿದ್ದು ಗುರುಪ್ರಕಾಶನಿಗಲ್ಲ.

"ನೋಡಿದ್ರಾ ಮೇಡಂ? ಬದುಕಿರೋ ಮಗು ನೊಣ ಓಡಿಸ್ಕೊಳ್ಳುತ್ತೆ."

ಭೂಮಿಕಾ ಮಗನನ್ನು ನೋಡಿದಳು. ಆಮೇಲೆ ಬೋರ್ಡಿನ ಕಾಲನ್ನು ನೋಡಿದಳು. ನೊಣ, ಪಾದ, ಜೋತುಬಿದ್ದ ಕೈ. ಅವಳ ಬಣ್ಣ ಇಳಿಯಿತು.

"ಈ ಹುಡುಗ..."

"ಸತ್ತಿದ್ದಾನೆ ಮೇಡಂ. ಅಪ್ಪನೇ ಕಡಿದಿದ್ದು. ಆ ಬಟ್ಟಲಲ್ಲಿರೋದು ಹಾಲಲ್ಲ, ವಿಷ. ಇನ್ನೊಂದು ಗಳಿಗೆಗೆ ತಾಯಿಯೂ ಇರಲ್ಲ. ನಿಮ್ಮ ಮಗನ್ನ ಇಲ್ಲಿ ಬರೀಬೇಕು ಅಂತ ಹೇಳಿದ್ದಾರೆ. ನನ್ ಕೈಲಾಗಲ್ಲ. ನಂಗೂ ಒಂದು ಮಗು ಇದೆ."

ಲೋಹಿತ್ ಜಿಲೇಬಿ ಜಗಿಯುತ್ತಲೇ ಇದ್ದ.

"ರೀ," ಎಂದಳು ಭೂಮಿಕಾ, "ನೀವು ಈ ನಾಟಕ ನೋಡಿದೀನಿ ಅಂದ್ರಲ್ಲ?"

"ನೋಡಿದೀನಿ ಕಣೇ. ಅರ್ಧ."

"ಯಾವ ಅರ್ಧ?"

"ಸನ್ಮಾನದವರೆಗೂ."

ಅವಳು ಅವನನ್ನು ತಲೆಯಿಂದ ಬಿಳಿ ಚಪ್ಪಲಿಯವರೆಗೆ ನೋಡಿದಳು. ಅವನು ಬೆವರೊರೆಸಿಕೊಂಡು, ವ್ಯಾಪಾರಸ್ಥನಾದ್ದರಿಂದ, ತಕ್ಷಣ ದಾರಿ ಹುಡುಕಿದ. "ಸರಿ, ಈಗೇನಾಯ್ತು? ಕಣ್ಣು ಬಿಡಿಸ್ಬಿಡಿ ಮೇಡಂ. ಎದ್ದ ಅಂತ ಮಾಡಿ. ಕೈನೂ ಮೇಲೆತ್ತಿ, ಟಾಟಾ ಮಾಡೋ ಥರ."

"ಅವನು ಎದ್ರೆ ನಾಟಕ ಎಲ್ಲಿರುತ್ತೆ ಸಾರ್?"

"ನಾಟಕ ಯಾರಿಗ್ ಬೇಕ್ರೀ? ಬೋರ್ಡ್ ಚೆನ್ನಾಗಿರ್ಬೇಕು."

"ಟಾಟಾ ಮಾಡ್ಸೋದು ಬೇಡ, ಏನೂ ಬೇಡ," ಎಂದಳು ಭೂಮಿಕಾ. "ಈ ಬೋರ್ಡಲ್ಲಿ ನಮ್ಮ ಮನೇವರ ಒಂದು ಕೂದಲೂ ಇರಕೂಡದು. ಲೋಹಿತ್, ಏಳೋ." ಜಿಲೇಬಿ ಕೈಯ ಮಗನನ್ನು ಹಾಗೇ ಎತ್ತಿಕೊಂಡಳು. ಪಾಕ ಅವಳ ಸೀರೆಗೆಲ್ಲ ಆಯಿತು.

ಮಿಕ್ಕಿದ್ದನ್ನು ಫೋನುಗಳು ನೋಡಿಕೊಂಡವು. ಮಧ್ಯಾಹ್ನದೊಳಗೆ ಎಲ್ಲ ದಾನಿಗಳಿಗೂ ತಾವು ದೊರೆಯಾಗಿರುವ ಕಥೆಯ ಕೊನೆ ಏನೆಂದು ತಿಳಿದುಹೋಯಿತು. ವರ್ಷಾನುಗಟ್ಟಲೆ ಉದ್ಘಾಟನೆ ಮಾಡಿದ್ದ ನಾಟಕದ ಕಥೆ ಅವರಿಗೆ ಆಗ ಗೊತ್ತಾದದ್ದು. ಗೋವಿಂದರಾಜು ಏದುಸಿರು ಬಿಡುತ್ತಾ ಓಡಿ ಬಂದ. "ಚನ್ನವೀರಯ್ಯ, ನಂಗೂ ಇಬ್ಬರು ಗಂಡುಮಕ್ಕಳು ಅವ್ರೆ ಕಣಯ್ಯ! ಗೊತ್ತಿದ್ದೂ ಗೊತ್ತಿದ್ದೂ ನನ್ನ ಈ ಕೊಲೆಗಡುಕನ್ ವೇಷದಾಗೆ ನಿಲ್ಲಿಸಿದ್ಯಲ್ಲ! ಎದುರು ಅಂಗಡಿಯೋನೇ ವಾಸಿ, ಮಂತ್ರಿ ಆಗವ್ನೆ!"

ಚನ್ನವೀರಯ್ಯ ರೂಬಿಯ ಮೇಲೆ ತಿರುಗಿದರು. "ಸುಮ್ನಿರು ಅಂತ ಕಣ್ಣಲ್ಲೇ ಹೇಳಿದ್ನಲ್ಲಮ್ಮ. ಬಾಯಿ ಬಿಟ್ಟು ನಿಮ್ಮಪ್ಪನ ಕೆಲಸಕ್ಕೆ ನೀನೇ ಮಣ್ಣು ಹಾಕ್ದೆ. ಇನ್ನು ಅಪಶಕುನದ ಬೋರ್ಡು ಅಂತ ಯಾರೂ ಇದರ ಕೆಳಗೆ ಕೂರಲ್ಲ. ನಾಳೆ ಇಳಿಸ್ತಾರೆ, ಅಷ್ಟೇ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿದದ್ದು. ಒಂದು ಮಗುವಿನ ಕಣ್ಣು ಮುಚ್ಚಿದ್ದರೆ ಆರು ಬೋರ್ಡೂ ಗೋಡೆಯ ಮೇಲೇ ಇರುತ್ತಿದ್ದವು. ಅವಳು ಬಕೆಟ್ಟಿನಲ್ಲಿ ನೀರು ತಂದು, ಚೀಲದಿಂದ ಹಳೇ ಬಟ್ಟೆ ತೆಗೆದು ಅದ್ದಿದಳು. ಗುರುಪ್ರಕಾಶನ ಸ್ಮೈಲ್ ಒಂದೇ ಎಳೆತಕ್ಕೆ ಹೋಯಿತು. ಕೆಳಗಿನಿಂದ ಅಪ್ಪನ ದೊರೆ ತನ್ನ ದುಃಖದೊಂದಿಗೆ ಮೇಲೆ ಬಂದ. ಒಬ್ಬೊಬ್ಬರಾಗಿ ಉಳಿದ ಮಹನೀಯರೂ ಬಕೆಟ್ಟು ಸೇರಿದರು. ನೀರು ಕೆಸರಿನ ಬಣ್ಣಕ್ಕೆ ತಿರುಗಿತು. ಅದನ್ನು ಅವಳು ಮಂದಿರದ ಹಿಂದಿನ ಚರಂಡಿಗೆ ಚೆಲ್ಲಿದಳು.

ತಿರುಗಿ ಬಂದಾಗ ಬಾಗಿಲಲ್ಲಿ ಭೂಮಿಕಾ ಒಬ್ಬಳೇ ನಿಂತಿದ್ದಳು. ಮನೆಯಿಂದ ಮತ್ತೆ ಕಾರಿನಲ್ಲಿ ಬಂದಿದ್ದಳು.

"ಆ ಮಲಗಿರೋ ಹುಡುಗ ಯಾರು? ನೋಡಿ ಬರೆದಂಗಿದೆ."

"ನಾನೇ ಮೇಡಂ. ನಮ್ಮಪ್ಪ ಮಲಗಿಸಿ ಬರೆದ್ರು."

"ನಿಮ್ಮಮ್ಮ ಒಪ್ಕೊಂಡ್ರಾ?"

"ಎಲ್ಲಿ ಒಪ್ತಾರೆ! ಮೆಣಸಿನಕಾಯಿ ಸುಟ್ಟು ಮನೆ ತುಂಬ ಘಾಟು ಮಾಡಿದ್ರು."

ಭೂಮಿಕಾಳ ತುಟಿ ಅರ್ಧ ನಕ್ಕಿತು. "ಅದೊಂದನ್ನ ನೀವೇ ತಗೊಂಡು ಹೋಗಿ. ನಮ್ಮನೆಯವರಿಗೆ ಬಿಟ್ಟದ್ದು ತಾನೇ ಆ ಬೋರ್ಡು. ನಾನು ಹೇಳ್ತೀನಿ ಅವರಿಗೆ." ಕಾರಿನ ಕಡೆ ತಿರುಗಿ, "ಥ್ಯಾಂಕ್ಸ್," ಎಂದು ಹೊರಟುಹೋದಳು.

ಉಳಿದ ಐದನ್ನೂ ಕೇಳೋಣವೆಂದು ರೂಬಿ ಮರುದಿನ ಹೋಗುವಷ್ಟರಲ್ಲಿ ಗೋವಿಂದರಾಜು ಅವನ್ನು ಟೆಂಪೋಗೆ ಹಾಕಿಸಿಯಾಗಿತ್ತು. ತಗಡು ಒಳ್ಳೆಯದು, ಅಪಶಕುನವೆಲ್ಲ ಮನುಷ್ಯರಿಗೆ ಎಂಬುದು ಅವನ ವಾದ. ಹಾಗಲವಾಡಿ ಕಡೆಯ ಅವನ ಫಾರಮ್ಮಿನಲ್ಲಿ ಈಗ ಅವು ಕೋಳಿಗಳ ಸೂರು. ಬಣ್ಣದ ಮುಖ ಒಳಗಡೆಗಿದೆ. ಪಟ್ಟಾಭಿಷೇಕದಿಂದ ಎತ್ತಿದ ಕತ್ತಿಯವರೆಗೆ ಕೋಳಿಗಳು ಕತ್ತೆತ್ತಿ ನೋಡುತ್ತವೆ. ನಡುವೆ ಸನ್ಮಾನಕ್ಕೆಂದು ಎದ್ದು ಹೋಗುವುದಿಲ್ಲ. ದಸ್ತಗೀರ್ ಸಾಬ್‌ಗೆ ಇಷ್ಟು ತಾಳ್ಮೆಯ ಪ್ರೇಕ್ಷಕರು ಬದುಕಿದ್ದಾಗ ಸಿಕ್ಕಿರಲಿಲ್ಲ.

ಮಂದಿರದ ಗೋಡೆಗೆ ಆರು ಫ್ಲೆಕ್ಸು ಬಂದವು. ಯಾರಿಗೂ ಸಾಯುವ ಕಥೆ ಬೇಡ, ಚಾಡಿ ಬೇಡ, ಕತ್ತಿ ಬೇಡ. ಹಾಗಾಗಿ ಆರರಲ್ಲೂ ಪಟ್ಟಾಭಿಷೇಕವೇ. ಆರು ದಾನಿಗಳು, ಆರು ಕಿರೀಟ, ಆರು ಸ್ಮೈಲು. ಒಂದನೇ ಫ್ಲೆಕ್ಸಿನಿಂದ ಆರನೆಯದಕ್ಕೆ ನಡೆದು ಹೋದರೆ ಆ ಕೋಟೆಯಲ್ಲಿ ಏನೂ ನಡೆಯುವುದೇ ಇಲ್ಲ. ಚನ್ನವೀರಯ್ಯ ಉದ್ಘಾಟನಾ ಭಾಷಣದಲ್ಲಿ ಕಲೆ ಉಳಿಯಿತು ಎಂದರಂತೆ.

ಆರನೇ ಬೋರ್ಡು ಲಗೇಜ್ ಆಟೋದಲ್ಲಿ ತುಮಕೂರಿಗೆ ಬಂತು. ಬಾಗಿಲಲ್ಲಿ ತೂರದೆ ಅಡ್ಡಡ್ಡ ಮಾಡಿ, ಅಫ್ರೋಜನ ಬೆರಳು ಜಜ್ಜಿಸಿ, ಕೊನೆಗೂ ಒಳಗೆ ಬಂತು. ಅರ್ಧ ಗೋಡೆಯನ್ನೂ ಕಿಟಕಿಯ ಒಂದು ಬಾಗಿಲನ್ನೂ ಅದೇ ನುಂಗಿತು.

"ಗಾಳಿಗೆ ಏನ್ ಮಾಡೋಣ?" ಎಂದ ಅಫ್ರೋಜ್, ಬೆರಳು ಊದುತ್ತಾ.

"ಇನ್ನೊಂದು ಬಾಗಿಲು ಇದ್ಯಲ್ಲ. ಉಸಿರಾಡು."

ಫಿಜಾ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೊಣವನ್ನು ಓಡಿಸುತ್ತಿದ್ದಳು. ಕೈ ಬೀಸಿದಳು, ಊದಿದಳು, ಕೊನೆಗೆ ಚಪ್ಪಲಿ ತಂದು ಪಟ್ಟನೆ ಹೊಡೆದಳು. "ಹೋಗ್ತಾನೇ ಇಲ್ಲ ಅಮ್ಮಿ!"

"ಅದು ಹೋಗಲ್ಲ. ಆವತ್ತು ನಾನೇ ಓಡಿಸಿರ್ಲಿಲ್ಲ."

"ಇದು ನೀನಾ?"

"ಹೂಂ. ಅಲ್ಲಾಡದೆ ಮಲಗಿದ್ರೆ ಬೆಣ್ಣೆ ಬನ್ನು ಕೊಡ್ತೀನಿ ಅಂದಿದ್ರು ನಿಮ್ಮ ನಾನಾ."

"ಕೊಟ್ರಾ?"

"ಕೊಟ್ರು."

ರೂಬಿ ಅನ್ನಕ್ಕೆ ನೀರಿಡಲು ಒಲೆಯ ಕಡೆ ತಿರುಗಿದಳು. ಹಿಂದೆ ಸದ್ದು ನಿಂತಿತು. ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಸದ್ದು ನಿಂತರೆ ಏನೋ ಆಗಿದೆಯೆಂದೇ ಅರ್ಥ. ತಿರುಗಿ ನೋಡಿದರೆ ಫಿಜಾ ಬೋರ್ಡಿನ ಬುಡದಲ್ಲೇ ನೆಲದ ಮೇಲೆ ಮಲಗಿದ್ದಳು. ಬಲಗೈ ಆಚೆ ಚಾಚಿತ್ತು. ಬಾಯಿ ಒಂಚೂರು ತೆರೆದಿತ್ತು. ಕಣ್ಣು ಮುಚ್ಚಿತ್ತು, ಆದರೆ ಬಿಗಿಯಾಗಿ ಅಲ್ಲ.

"ನಂಗೂ ಬನ್ನು," ಎಂದಿತು ಮಗು, ತುಟಿ ಅಲ್ಲಾಡಿಸದೆ.

"ಏಳೇ! ಏಳೇ ಮೇಲೆ!" ರೂಬಿ ರಟ್ಟೆ ಹಿಡಿದು ಎಳೆದು ಎಬ್ಬಿಸಿದ ರಭಸಕ್ಕೆ ಮಗು ಅಳಲು ಶುರುಮಾಡಿತು. ಅಫ್ರೋಜನನ್ನು ಬೇಕರಿಗೆ ಅಟ್ಟಿದಳು. ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಡಬ್ಬಕ್ಕೆ ಕೈ ಹಾಕಿ, ಒಣಮೆಣಸಿನಕಾಯಿ ಉಪ್ಪು ತೆಗೆದು ನಿವಾಳಿಸಿ, ಉರಿಯುತ್ತಿದ್ದ ಗ್ಯಾಸಿನ ಮೇಲೆ ಹಿಡಿದಳು.

ಇಬ್ಬರೂ ಕೆಮ್ಮಿದರು. ಗಾಳಿಗೆ ಇದ್ದದ್ದು ಕಿಟಕಿಯ ಒಂದೇ ಬಾಗಿಲು.